ಸ್ಥಲಪತ್ರವೂ ಜಲಪತ್ರವೂ

ಗಾಜಿನ ತೊಟ್ಟಿಯ ತಳದಲ್ಲಿ ಹಸುರು ಜಮಖಾನದಂತೆ ಹಬ್ಬುವ ಗಿಡಗಳನ್ನು ಜಲಜಗಳೆಂದು ವ್ಯವಹರಿಸುವುದುಂಟು. ಈ ವ್ಯವಹಾರವು ಅರ್ಧಮಾತ್ರ ಯುಕ್ತವಾದುದು. ಇವುಗಳಲ್ಲಿ ಪ್ರಸಿದ್ಧವಾದ ಗ್ಲೋಸೊಸ್ಟಿಗ್ಮವು ಆಸ್ಟ್ರೇಲಿಯ, ನ್ಯೂಜಿಲೆಂಡ್ ದೇಶಗಳದು. ಹೂವಿನ ಶಲಾಕಾಗ್ರವು ನಾಲಗೆಯಂತಿರುವುದರಿಂದ ಗ್ರೀಕ್ ಶಬ್ದಗಳಿಂದಾದ ಈ ಹೆಸರು ಬಂದಿತು. ನಮ್ಮ ವೈಯಾಕರಣರು ಇದನ್ನು ಬಹುವ್ರೀಹಿ ಎನ್ನುವರು. ಜಪಾನಿನ ತಕಾಶಿ ಅಮಾನೊ (1954–2015) ಅವರ ಜಲೋದ್ಯಾನಗಳಿಂದ ಇದಕ್ಕೆ ಲೋಕಖ್ಯಾತಿಯುಂಟಾಯಿತು. ಇದು ಕೆರೆದಂಡೆಯ ಕೆಸರಿನಲ್ಲಿ ಒಮ್ಮೆ ಗಾಳಿಯಲ್ಲಿಯೂ ಒಮ್ಮೆ ನೀರೊಳಗೂ ಬಾಳತಕ್ಕದ್ದು. ಆದುದರಿಂದ ಇದನ್ನು 'ಅನೂಪಜ'ವೆಂದು ಕರೆಯುವುದೇ ಸಮಂಜಸ.

ಸಸ್ಯೋದ್ಯಮಿಗಳು ಇಂಥ ಗಿಡಗಳನ್ನು ಬಹುಮಟ್ಟಿಗೆ ನೀರಿನ ಮೇಲೆಯೇ ಬೆಳೆಸುವರು. ಅಲ್ಲಿ ಇಂಗಾಲಾಮ್ಲವಾಯು ಸುಲಭವಾಗಿ ದೊರೆಯುವುದು. ಪಾಚಿ, ಬಸವನಹುಳುಗಳ ಬಾಧೆಯೂ ಕಡಮೆ. ಹೀಗೆ ಹುಟ್ಟಿದ ಎಲೆಗೆ ಒಣಗದಂತೆ ಕಾಯುವ ಮೇಣದ ಲೇಪವೂ, ಗಾಳಿಯನ್ನು ಹೀರುವ ಪತ್ರರಂಧ್ರಗಳೂ ಇರುತ್ತವೆ. ನೀರಿನಲ್ಲಿ ಈ ಗುಣಗಳೇ ದೋಷಗಳಾಗುವುವು. ಇಂಗಾಲಾಮ್ಲವು ಗಾಳಿಗಿಂತ ನೀರಿನಲ್ಲಿ ಸುಮಾರು 10,000 ಪಾಲು ನಿಧಾನವಾಗಿ ವ್ಯಾಪಿಸುತ್ತದೆ; ಮೇಣವು ಅದಕ್ಕೆ ಮತ್ತಷ್ಟು ತಡೆ. ಎಲೆಯು ಆಹಾರವಿಲ್ಲದೆ ಹಳದಿಯಾಗಿ ಕೊಳೆಯುವುದು. ಇದನ್ನೇ ಬೆಳೆಗಾರರು 'ಕರಗುವುದು' ಎನ್ನುತ್ತಾರೆ.

ಎಲೆಯು ಕ್ರಮೇಣ ನೀರಿಗೆ ಒಗ್ಗುವುದೆಂಬ ಭಾವನೆ ಸರಿಯಲ್ಲ. ಬಲಿತ ಎಲೆಯ ರಚನೆಯು ಬದಲಾಗಲಾರದು, ಒಗ್ಗತಕ್ಕದ್ದು ಗಿಡ. ಅದು ತಾನು ಕೂಡಿಟ್ಟ ಆಹಾರವನ್ನು ವ್ಯಯಿಸಿ ತೆಳುವಾದ, ಮೇಣ ಕಡಮೆಯಾದ ಹೊಸ ಎಲೆಯನ್ನು ಕುಡಿಯಿಂದ ಹೊರಡಿಸುತ್ತದೆ. ಕರ್ಣಾಟಕದ ಗದ್ದೆಗಳಲ್ಲಿ ಬೆಳೆಯುವ ಲಿಮ್ನೊಫಿಲವೇ ಇದಕ್ಕೆ ನಿದರ್ಶನ: ಒಂದೇ ದಂಟಿನಲ್ಲಿ ನೀರೊಳಗಿನ ಎಲೆ ನೂಲಿನಂತೆ ಸೀಳಿರುವುದು, ಮೇಲಿನದು ಅಖಂಡವಾಗಿರುವುದು.

ಇದರಿಂದ ಕ್ರಮವು ತಾನಾಗಿಯೇ ಸಿದ್ಧಿಸುತ್ತದೆ. ಗಿಡವನ್ನು ಸಣ್ಣ ಸಣ್ಣ ಗುಚ್ಛಗಳಾಗಿ ಒದ್ದೆಮಣ್ಣಿನಲ್ಲಿ ನೆಟ್ಟು, ತೊಟ್ಟಿಯನ್ನು ಮುಚ್ಚಿ, ಕೆಲವು ವಾರ ಬೇರೂರಲು ಬಿಡಬೇಕು. ಆಮೇಲೆ ನೀರನ್ನು ಮೆಲ್ಲನೆ ತುಂಬಬೇಕು. ಆಗ ಲೀಟರಿಗೆ ಸುಮಾರು 30 ಮಿಲಿಗ್ರಾಂ ಇಂಗಾಲಾಮ್ಲವೂ, ದಿನಕ್ಕೆ 6ರಿಂದ 8 ಗಂಟೆ ಒಳ್ಳೆಯ ಬೆಳಕೂ ಇರಬೇಕು. ಬೆಳಕು ಸಾಲದಿದ್ದರೆ ಗ್ಲೋಸೊಸ್ಟಿಗ್ಮವು ಹಬ್ಬದೆ ಮೇಲಕ್ಕೆ ನೀಳುವುದು. ಕೊಳೆತ ಎಲೆಗಳನ್ನು ತೆಗೆದು ನೀರನ್ನು ಆಗಾಗ ಬದಲಿಸದಿದ್ದರೆ ಪಾಚಿಗೆ ಎಡೆಯಾಗುವುದು.

ಎಲೆಯ ನಾಶವನ್ನು ಗಿಡದ ನಾಶವೆಂದೆಣಿಸಿ ಜೀವಂತ ಸಸ್ಯವನ್ನು ಕಿತ್ತೆಸೆಯುವವರು ಅನೇಕರು. ಪರೀಕ್ಷಿಸತಕ್ಕದ್ದು ಹಳೆಯ ಎಲೆಯನ್ನಲ್ಲ, ಕುಡಿಯನ್ನು. ಕುಡಿ ಹಸುರಾಗಿಯೂ ಬೇರು ಬಿಳುಪಾಗಿ ಗಟ್ಟಿಯಾಗಿಯೂ ಇದ್ದರೆ ಗಿಡವು ಬದುಕಿದೆ. ಅದಕ್ಕೆ ಬೇಕಾದುದು ಇನ್ನು ಕೆಲವು ವಾರಗಳ ಕಾಲಾವಕಾಶವಷ್ಟೆ.