ಅಜ್ಜಿಯ ಓಲೆಗೆ ಅಂಟುವಾಳದ ಸ್ನಾನವೇ?

ಮದುವೆಯ ದಿನ ಹತ್ತಿರ ಬಂದಾಗ ಪೆಟ್ಟಿಗೆಯಿಂದ ಹೊರಬರುವ ಹಳೆಯ ಒಡವೆಗಳಿಗೆ ಅನೇಕ ಮನೆಗಳಲ್ಲಿ ಮೊದಲು ಆಗುವ ಉಪಚಾರ ಅಂಟುವಾಳದ ಸ್ನಾನ. ಬರಿ ಚಿನ್ನದ ಬಳೆ, ಸರಗಳಿಗೆ ಇದರಿಂದ ತೊಂದರೆಯೇನಿಲ್ಲ. ಕೆಂಪಿನ ಓಲೆ, ಅಡ್ಡಿಕೆ, ಜಡೆಬಿಲ್ಲೆಗಳ ಮಾತು ಬೇರೆ.

ಇಂತಹ ಒಡವೆಯನ್ನು ಒಮ್ಮೆ ತಿರುಗಿಸಿ ನೋಡಿ. ಈಗಿನ ಹರಳಿನುಂಗುರಗಳಲ್ಲಿ ಬೆಳಕು ಹಾಯಲೆಂದು ಹಿಂಬದಿ ತೆರೆದಿರುವುದೇ ಹೆಚ್ಚು. ಹಳೆಯ ಕೆಂಪಿನ ಒಡವೆಯ ಬೆನ್ನು ಸಾಮಾನ್ಯವಾಗಿ ಮುಚ್ಚಿರುತ್ತದೆ. ಹರಳಿನ ಕೆಳಗೆ ಅಕ್ಕಸಾಲಿಗ ತೆಳ್ಳನೆಯ ಹೊಳೆಯುವ ತಗಡೊಂದನ್ನು ಇಟ್ಟಿರುತ್ತಾನೆ. ಹರಳನ್ನು ಹಾದುಹೋದ ಬೆಳಕು ಆ ತಗಡಿಗೆ ತಾಗಿ ಮರಳುತ್ತದೆ; ಎಣ್ಣೆದೀಪದ ಮಂದ ಬೆಳಕಿನಲ್ಲೂ ಕೆಂಪು ಕೆಂಡದಂತೆ ಹೊಳೆಯುತ್ತಿದ್ದುದರ ಗುಟ್ಟು ಇದು. ಅಂಚಿನ ಸಂದಿನಿಂದ ನೀರಿಳಿದರೆ ತಗಡು ಕಪ್ಪಿಡುತ್ತದೆ. ಹರಳು ಸರಿಯಾಗಿಯೇ ಇದ್ದರೂ ಕಳೆಗುಂದಿ ಕಾಣುತ್ತದೆ. 'ಪಾಪ, ಅಜ್ಜಿ ಮೋಸ ಹೋಗಿದ್ದಳು, ಇದು ಗಾಜು' ಎಂಬ ತೀರ್ಮಾನವಾಗಿ ಒಡವೆ ಮೂಸೆ ಸೇರುವುದೂ ಉಂಟು! ತಗಡು ಬದಲಿಸಿ ಹರಳನ್ನು ಮತ್ತೆ ಕೂರಿಸಬಲ್ಲ ಕುಶಲಕರ್ಮಿಯನ್ನು ಮೊದಲು ಹುಡುಕುವುದು ಮೇಲು.

ಇನ್ನು ಅರಗು. ಕೊಡಗಿನ ಜೋಮಾಲೆಯ ಗುಂಡುಗಳು ಗಟ್ಟಿ ಚಿನ್ನದವಲ್ಲ, ತೆಳುವಾದ ಚಿನ್ನದ ಹೊದಿಕೆಯೊಳಗೆ ಅರಗು ತುಂಬಿರುತ್ತದೆ. ಕಡಿಮೆ ಚಿನ್ನದಲ್ಲಿ ತುಂಬಿದ ರೂಪ ಕೊಡುವ ಜಾಣ್ಮೆ ಇದು. ಆದರೆ ನೀರು ಕುದಿಯುವ ಮೊದಲೇ ಅರಗು ಮೆತ್ತಗಾಗುತ್ತದೆ, ಗುಂಡು ಸುಲಭವಾಗಿ ನೆಗ್ಗುತ್ತದೆ. ಕರಗಿಸಲು ಕೊಟ್ಟರೆ ಅರಗಿನ ತೂಕ ಕಳೆದು ಉಳಿಯುವ ಚಿನ್ನ ಸ್ವಲ್ಪವೇ. ಕೆಲಸಗಾರಿಕೆಗಂತೂ ತಕ್ಕಡಿಯಲ್ಲಿ ಬೆಲೆಯಿಲ್ಲ.

ಮುತ್ತಿಗೆ ಹುಣಸೆ, ನಿಂಬೆಯ ಹುಳಿ ಶತ್ರು. ಬೆವರು, ಅತ್ತರೂ ಆಗದು. ತೊಟ್ಟು ತೆಗೆದ ಮೇಲೆ ಮೆತ್ತನೆಯ ಒಣ ಬಟ್ಟೆಯಲ್ಲಿ ಒರೆಸಿ, ಒಂದೊಂದನ್ನೂ ಬೇರೆ ಬೇರೆ ಹತ್ತಿಬಟ್ಟೆಯಲ್ಲಿ ಸುತ್ತಿಡಬೇಕು. ಬೆಳ್ಳಿ ಒಡವೆಗೆ ರಬ್ಬರ್ ಬ್ಯಾಂಡ್ ಬೇಡ, ಅದರಲ್ಲಿನ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ವರ್ಷಗಟ್ಟಲೆ ಲಾಕರಿನಲ್ಲಿದ್ದ ಸರದ ದಾರ ಶಿಥಿಲವಾಗಿರಬಹುದು. ಕೊರಳಿಗೆ ಹಾಕುವ ಮುನ್ನ ಪೋಣಿಸಿಕೊಳ್ಳಿ.

ಒಡವೆಗೆ ನೂರು ವರ್ಷ ದಾಟಿದ್ದರೆ ಕಾನೂನಿನ ಮಾತೂ ಬರುತ್ತದೆ. 1972ರ ಪುರಾವಸ್ತು ಕಾಯ್ದೆಯಂತೆ ನೂರು ವರ್ಷ ಹಳೆಯದಾದ ಕುಶಲ ಕೆಲಸದ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅಮೆರಿಕದಲ್ಲಿರುವ ಮಗಳ ಕೈಯಲ್ಲಿ ಮುತ್ತಜ್ಜಿಯ ಡಾಬು ಕೊಟ್ಟು ಕಳುಹಿಸುವ ಮೊದಲು ಅದರ ವಯಸ್ಸನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ವಿಚಾರಿಸಿಕೊಳ್ಳಬೇಕು.