ಕುಂಬಳದ ಹೀಚು ಉದುರಿದರೆ ತಪ್ಪು ಯಾರದು?

ಕುಂಬಳದ ಹೀಚಿಗೆ ಬೆರಳು ತೋರಿಸಿದರೆ ಅದು ಕೊಳೆತು ಉದುರುತ್ತದೆ ಎಂಬ ನಂಬಿಕೆ ಹಳ್ಳಿಗಳಲ್ಲಿ ಹಳೆಯದು. ಬೆಂಗಳೂರಿನ ಕತ್ರಿಗುಪ್ಪೆ, ಬನಶಂಕರಿಯ ತಾರಸಿ ತೋಟಗಳಿಗೂ ಅದು ಬಳ್ಳಿಯ ಜೊತೆಗೇ ಬಂದಿದೆ. ಹೀಚು ಉದುರುವುದು ಸುಳ್ಳಲ್ಲ, ಬೆರಳಿಗೆ ಮಾತ್ರ ಅದರಲ್ಲಿ ಪಾತ್ರವಿಲ್ಲ. ಕುಂಬಳದಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಅದು ಅರಳುವ ಮೊದಲೇ ಪುಟ್ಟ ಹೀಚು ಇರುವುದರಿಂದ ಕಾಯಿ ಕಚ್ಚಿತೆಂದೇ ನೋಡಿದವರು ತಿಳಿಯುತ್ತಾರೆ. ನಿಜವಾಗಿ ಕಾಯಿ ಕಚ್ಚಬೇಕಾದರೆ ಗಂಡು ಹೂವಿನ ಪರಾಗ ಅಲ್ಲಿಗೆ ತಲುಪಬೇಕು. ಸಿಹಿಗುಂಬಳದ ಹೂ ಬೆಳಗಿನ ಜಾವ ಅರಳಿ, ಮಧ್ಯಾಹ್ನದೊಳಗೆ ಮುದುಡಿ, ಮತ್ತೆ ಅರಳುವುದಿಲ್ಲ. ಪರಾಗ ದಪ್ಪ, ಅಂಟು. ಗಾಳಿ ಒಯ್ಯಲಾರದು, ಜೇನುನೊಣವೇ ಒಯ್ಯಬೇಕು. ಮಳೆ ಹಿಡಿದ ಬೆಳಿಗ್ಗೆ ಜೇನು ಗೂಡು ಬಿಡುವುದಿಲ್ಲ. ಅಂದು ಅರಳಿದ ಹೂವಿನ ಹೀಚು ಕೆಲವೇ ದಿನಗಳಲ್ಲಿ ಹಳದಿಯಾಗಿ, ಮುರುಟಿ ಉದುರುತ್ತದೆ. ಅಷ್ಟು ಹೊತ್ತಿಗೆ ಆ ಮಳೆ ಯಾರಿಗೂ ನೆನಪಿರುವುದಿಲ್ಲ. ನಿನ್ನೆ ಬಂದು ಬೆರಳು ತೋರಿಸಿದ ನೆಂಟರು ಸಿಕ್ಕಿಬೀಳುತ್ತಾರೆ. ಇದಕ್ಕೆ ಪರಿಹಾರ ಸುಲಭ: ಬೆಳಿಗ್ಗೆ ಬೇಗ ಗಂಡು ಹೂವೊಂದನ್ನು ಕಿತ್ತು, ದಳ ತೆಗೆದು, ಅದರ ಕೇಸರವನ್ನು ಹೆಣ್ಣು ಹೂವಿನ ನಡುವಿಗೆ ಮುಟ್ಟಿಸಿದರೆ ಸಾಕು.

ಕಾಯಿ ಕಚ್ಚಿದ ಮೇಲೂ ಕೊಳೆಯುವುದುಂಟು. ಆಗ ಮೊದಲು ಅನುಮಾನಿಸಬೇಕಾದದ್ದು ಹಣ್ಣುನೊಣವನ್ನು. ಅದು ಎಳೆ ಸಿಪ್ಪೆಗೆ ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ಚುಚ್ಚಿದಲ್ಲಿ ಅಂಟಿನ ಸಣ್ಣ ಹನಿ ಕಾಣುತ್ತದೆ. ಹುಳು ತಿರುಳು ತಿಂದು ಬೆಳೆದು, ಮಣ್ಣಿಗಿಳಿದು ಕೋಶವಾಗುತ್ತದೆ. ಕೊಳೆತ ಕಾಯಿ ಗೊಬ್ಬರವಾಗಲೆಂದು ಬಳ್ಳಿಯ ಬುಡಕ್ಕೇ ಹಾಕುವ ಅಭ್ಯಾಸ ಮುಂದಿನ ಪೀಳಿಗೆಯ ನೊಣಗಳನ್ನು ಸಾಕಿದಂತೆ. ಎಳೆಗಾಯಿಗೆ ಕಾಗದದ ಚೀಲ ಕಟ್ಟುವುದು, ಉದುರಿದ್ದನ್ನು ಆಳವಾಗಿ ಹೂಳುವುದು ಫಲ ಕೊಡುವ ಕ್ರಮಗಳು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಸೂರ್ಯಮುಖಿ’ ಎಂಬ ಸಿಹಿಗುಂಬಳ ತಳಿಗೆ ಈ ನೊಣವನ್ನು ತಡೆದುಕೊಳ್ಳುವ ಗುಣವಿದೆ.

ಬಳ್ಳಿಯಲ್ಲಿ ಮೊದಮೊದಲು ಬಿಟ್ಟ ಹೂಗಳೆಲ್ಲ ಉದುರಿದರೆ ಅದೂ ರೋಗವಲ್ಲ. ಮೊದಲು ಬರುವುದೇ ಗಂಡು ಹೂ, ಅದರ ಆಯುಸ್ಸು ಒಂದು ದಿನ. ಬಿಸಿಲು ಏರಿದಷ್ಟೂ ಗಂಡು ಹೂಗಳ ಪಾಲು ಹೆಚ್ಚುತ್ತದೆ, ಪರಾಗದ ಕಸುವೂ ಕುಗ್ಗುತ್ತದೆ. 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನ ತಾಪಮಾನ 38 ಡಿಗ್ರಿ ದಾಟಿತ್ತು. ಅಂಥ ದಿನಗಳಲ್ಲಿ ಬಳ್ಳಿ ಹಸಿರಾಗಿದ್ದೂ ಕಾಯಿ ಕೊಡದಿದ್ದರೆ ಆಶ್ಚರ್ಯವಿಲ್ಲ.

ಎಲೆಯ ಮೇಲಿನ ಬಿಳುಪಿನ ಬಗ್ಗೆ ಗೊಂದಲ ಇನ್ನೂ ಹೆಚ್ಚು. ಮಳೆ ಜಾಸ್ತಿಯಾದ್ದರಿಂದ ಬೂದಿ ರೋಗ ಬಂತು ಎನ್ನುವುದು ವಾಡಿಕೆಯ ಮಾತು. ಬೂದಿ ರೋಗದ ಶಿಲೀಂಧ್ರಕ್ಕೆ ಮೊಳೆಯಲು ಎಲೆಯ ಮೇಲೆ ನೀರೇ ಬೇಡ; ಜೋರು ಮಳೆ ಅದನ್ನು ತೊಳೆದುಹಾಕುತ್ತದೆ. ಮಳೆ ನಿಂತ ಮೇಲಿನ ಒಣ ಹಗಲು, ತೇವದ ರಾತ್ರಿ ಅದಕ್ಕೆ ಹೇಳಿಮಾಡಿಸಿದ ಕಾಲ. ಸೋನೆ ಮಳೆ, ಮಂಜು ಬಯಸುವುದು ಬೂಜು ತುಪ್ಪಟ ರೋಗ. ಅದರಲ್ಲಿ ಎಲೆಯ ಮೇಲೆ ನರಗಳ ನಡುವೆ ಮೂಲೆಮೂಲೆಯಾದ ಹಳದಿ ಕಲೆ, ಅಡಿಯಲ್ಲಿ ಬೂದುಬಣ್ಣದ ಬೂಜು. ಒಂದರ ಔಷಧ ಇನ್ನೊಂದಕ್ಕೆ ಆಗದು: ಗಂಧಕದ ಪುಡಿ ಬೂದಿ ರೋಗಕ್ಕೆ ಸರಿ, ತುಪ್ಪಟ ರೋಗಕ್ಕೆ ವ್ಯರ್ಥ, ಸುಡುಬಿಸಿಲಿನಲ್ಲಿ ಹಾಕಿದರೆ ಎಲೆಯನ್ನೇ ಸುಡುತ್ತದೆ. ಇನ್ನು ಸಿಹಿಗುಂಬಳದ ಎಷ್ಟೋ ತಳಿಗಳ ಎಲೆಯಲ್ಲಿ ನರಗಳ ಪಕ್ಕ ಬೆಳ್ಳಿಬಣ್ಣದ ಮಚ್ಚೆ ಹುಟ್ಟಿನಿಂದಲೇ ಇರುತ್ತದೆ. ಬೆರಳಿನಿಂದ ಉಜ್ಜಿದಾಗ ಪುಡಿ ಬಂದರೆ ರೋಗ, ಬಾರದಿದ್ದರೆ ತಳಿಯ ಗುಣ. ಬೂದುಗುಂಬಳದ ಕಾಯಿಯ ಮೇಲಿನ ಬೂದಿಯಂತೂ ಶಿಲೀಂಧ್ರವೇ ಅಲ್ಲ, ಅದು ಕಾಯಿಯದೇ ಮೇಣ.

ಎಲೆ ಹಳದಿಯಾದೊಡನೆ ಯೂರಿಯಾ ಹಾಕುವವರಿದ್ದಾರೆ. ಹಳೆಯ ಎಲೆಗಳು ಒಂದೇ ಸಮನೆ ಹಳದಿಯಾದರೆ ಸಾರಜನಕದ ಕೊರತೆ ಇದ್ದೀತು. ಎಳೆ ಎಲೆಗಳಲ್ಲಿ ಹಳದಿ-ಹಸಿರು ಮಚ್ಚೆ, ಸುರುಟು ಕಂಡರೆ ಅದು ನಂಜುರೋಗ; ಬಿಳಿನೊಣ ಅಥವಾ ಸಸ್ಯಹೇನು ತಂದದ್ದು. ಬಿಳಿನೊಣ ಒಣ ಹವೆಯಲ್ಲಿ ಹೆಚ್ಚುತ್ತದೆ. ನಂಜು ಹತ್ತಿದ ಬಳ್ಳಿಗೆ ಮದ್ದಿಲ್ಲ, ಬೇಗ ಕಿತ್ತುಹಾಕಿದರೆ ಪಕ್ಕದ ಬಳ್ಳಿಗಳು ಉಳಿದಾವು.

ಕೊನೆಯದು ದೃಷ್ಟಿಗೆ ಕಟ್ಟಿದ ಬೂದುಗುಂಬಳದ ವಿಚಾರ. ಬೇಗ ಕೊಳೆತರೆ ಅದು ಮನೆಯ ಕೆಟ್ಟ ದೃಷ್ಟಿಯನ್ನು ಎಳೆದುಕೊಂಡಿತು ಎನ್ನುತ್ತಾರೆ. ಕಟ್ಟುವುದು ಬಿಡುವುದು ಅವರವರ ಶ್ರದ್ಧೆ. ಕೊಳೆಯುವ ದಿನವನ್ನು ನಿರ್ಧರಿಸುವುದು ಹೊಲ. ಮುಂಗಾರಿಗೆ ಬಿತ್ತಿದ ಬಳ್ಳಿಯ ಕಾಯಿ ಬಲಿಯುವ ಹೊತ್ತಿಗೆ ಸೆಪ್ಟೆಂಬರ್ ಬಂದಿರುತ್ತದೆ. ಬೆಂಗಳೂರಿನಲ್ಲಿ ವಾಡಿಕೆಯಂತೆ ಅತಿ ಹೆಚ್ಚು ಮಳೆ ಸುರಿಯುವ ತಿಂಗಳೂ ಅದೇ. ತೇವದ ನೆಲಕ್ಕೆ ತಾಗಿದ ಕಾಯಿಗೆ ಅಡಿಯಿಂದಲೇ ಕೊಳೆ ಹತ್ತುತ್ತದೆ. ಆಯುಧಪೂಜೆಯ ಬೇಡಿಕೆಗೆಂದು ಬಲಿಯದ ಕಾಯಿಯನ್ನು ಕೊಯ್ದರೆ, ಸಾಗಣೆಯಲ್ಲಿ ತೊಟ್ಟು ಮುರಿದರೆ ಅದೂ ಹೆಚ್ಚು ದಿನ ಬಾಳದು. ಚೆನ್ನಾಗಿ ಬಲಿತು ಮೈತುಂಬ ಬೂದಿ ಕಟ್ಟಿದ, ತೊಟ್ಟು ಗಟ್ಟಿಯಿರುವ ಕಾಯಿ ಗಾಳಿಯಾಡುವ ಕಡೆ ತೂಗಿದರೆ ತಿಂಗಳುಗಟ್ಟಲೆ ಇರುತ್ತದೆ. ತೊಳೆದು, ಉಜ್ಜಿ ಆ ಮೇಣ ತೆಗೆದರೆ ಅದರ ಬಾಳಿಕೆ ಅಲ್ಲಿಂದಲೇ ಕಡಿಮೆಯಾಗುತ್ತದೆ.