ಪರ್ಲ್ ಕ್ಲಾಸಿನಲ್ಲಿ ಎರವಲು ಫಂಕ್ಷನ್ ಮೆಥಡ್ ಆಗದಿರಲು

ಬೆಳುಗುಪ್ಪ: ಶೇಂಗಾ ಕೀಳಲು ಬಂದ ಕೂಲಿಯವರ ಹೆಸರು ಮನೆಯ ರೇಷನ್ ಕಾರ್ಡಿಗೆ ಸೇರಿಬಿಟ್ಟರೆ ಹೇಗೆ? ಪರ್ಲ್ ಭಾಷೆಯಲ್ಲಿ ಆಗುವುದು ಹೆಚ್ಚುಕಡಿಮೆ ಅದೇ. 1994ರಲ್ಲಿ ಬಂದ ಪರ್ಲ್ 5ರಿಂದ ಇಲ್ಲಿ ಕ್ಲಾಸ್ ಎಂದರೆ ಸಾಮಾನ್ಯವಾಗಿ ಒಂದು ಪ್ಯಾಕೇಜ್ ಅಷ್ಟೆ. ಅದರಲ್ಲಿರುವ ಫಂಕ್ಷನ್ ಸ್ವಂತದ್ದೋ ಹೊರಗಿನಿಂದ ತಂದದ್ದೋ ಎಂದು ಪರ್ಲ್ ನೋಡುವುದಿಲ್ಲ.

ಮಂಡಿಯ ತೂಕದ ಚೀಟಿಗೆ ಒಂದು ಕ್ಲಾಸ್ ಇದೆ ಎನ್ನಿ. ಮೂಟೆಗಳ ತೂಕ ಕೂಡಿಸಲು ಅದರಲ್ಲಿ 'ಸಮ್' ಎಂಬ ಮೆಥಡ್ ಇದೆ. ಅದರ ಮೇಲೆ ಕಟ್ಟಿದ ಇನ್ನೊಂದು ಕ್ಲಾಸಿಗೆ, ಬೇರಾವುದೋ ಲೆಕ್ಕಕ್ಕೆಂದು, 'ಲಿಸ್ಟ್::ಯುಟಿಲ್' ಮಾಡ್ಯೂಲ್‌ನಿಂದ ಅದೇ ಹೆಸರಿನ ಫಂಕ್ಷನ್ ತಂದಿರಿ. ಈಗ ಚೀಟಿಯ ಮೊತ್ತ ಕೇಳಿದರೆ ಉತ್ತರಿಸುವುದು ಈ ಎರವಲು ಫಂಕ್ಷನ್. ಅದರ ಕೈಗೆ ಸಿಗುವುದು ಚೀಟಿ ಎಂಬ ಆಬ್ಜೆಕ್ಟ್ ಮಾತ್ರ. ಅದರ ಮೆಮೊರಿ ವಿಳಾಸವನ್ನೇ ಸಂಖ್ಯೆಯೆಂದು ತಿಳಿದು ಮೊತ್ತ ಕೊಡುತ್ತದೆ. ಎರರ್ ಬರುವುದೇ ಇಲ್ಲ! ಮಂಡಿಯವರು ಬೆಚ್ಚಿಬೀಳುವಷ್ಟು ಕ್ವಿಂಟಾಲ್ ಮಾತ್ರ ಬರುತ್ತದೆ.

ಇದಕ್ಕೆ ಸಿಪ್ಯಾನ್ ಭಂಡಾರದಲ್ಲಿ 'ನೇಮ್‌ಸ್ಪೇಸ್::ಕ್ಲೀನ್' ಎಂಬ ಮಾಡ್ಯೂಲ್ ಇದೆ. ಎರವಲು ತರುವ ಸಾಲುಗಳ ಕೆಳಗೆ, ನಿಮ್ಮ ಮೆಥಡ್‌ಗಳ ಮೇಲೆ ಅದನ್ನು 'ಯೂಸ್' ಮಾಡಿ. ಕಂಪೈಲ್ ಮುಗಿದಾಗ ಅದು ತಂದ ಹೆಸರುಗಳನ್ನು ಪ್ಯಾಕೇಜ್‌ನಿಂದ ಅಳಿಸುತ್ತದೆ. ಕ್ಲಾಸಿನೊಳಗಿನ ಕರೆಗಳು ಅಷ್ಟರಲ್ಲಿ ಫಂಕ್ಷನ್‌ಗೆ ಜೋಡಣೆಯಾಗಿರುವುದರಿಂದ ಕೆಲಸ ನಿಲ್ಲುವುದಿಲ್ಲ. ಜಾಗ ಮಾತ್ರ ತಪ್ಪಬಾರದು: ಮೆಥಡ್‌ಗಳ ಕೆಳಗೆ ಬರೆದರೆ ಅವೂ ಅಳಿಸಿಹೋಗುತ್ತವೆ.

ಚಿಕ್ಕ ಪ್ರೋಗ್ರಾಂಗೆ ಇಷ್ಟೆಲ್ಲ ಬೇಕಿಲ್ಲ. 'ಯೂಸ್' ಸಾಲಿನಲ್ಲಿ ಮಾಡ್ಯೂಲ್ ಹೆಸರಿನ ನಂತರ ಖಾಲಿ ಕಂಸ ಹಾಕಿದರೆ ಯಾವ ಹೆಸರೂ ಒಳಗೆ ಬರುವುದಿಲ್ಲ; ಬೇಕಾದಲ್ಲಿ 'ಲಿಸ್ಟ್::ಯುಟಿಲ್::ಸಮ್' ಎಂದು ಪೂರ್ತಿ ಹೆಸರಿನಿಂದಲೇ ಕರೆಯಿರಿ.